ಕಟ್ಟೆ, ತಟ್ಟೆ ಮತ್ತು ಒಂದು ಆನೆ

ಶಿವಮೊಗ್ಗ
17 ಜುಲೈ 2025, ಗುರುವಾರ

ಮಕ್ಕಳಿಗೆ ಮಾತು ಬರಿಸೋದು, ತಿದ್ದೋದು ನನ್ನ ಕೆಲಸ, ಆಟಿಕೆಗಳೇ ಸಲಕರಣೆ. ಬೆಳಿಗ್ಗೆ ಆಟಿಕೆ ಬುಟ್ಟಿ ತೆಗೆದರೆ ಮುಗ್ಗಲು ವಾಸನೆ. ಆಷಾಢದ ಮಳೆ. ಬಟ್ಟೆ ಕರಡಿ ತೊಳೆದು ನಾಲ್ಕು ದಿನ ಆಯ್ತು, ಇನ್ನೂ ಹಿಂಡಿದರೆ ನೀರು. ಅಮ್ಮನ ಮನೆ ಬಚ್ಚಲೊಲೆ ಮೇಲೆ ಕಟ್ಟಿ ಬರಬೇಕು, ಬೇರೆ ದಾರಿ ಇಲ್ಲ. ಚನ್ನಪಟ್ಟಣದ ಮರದ ಆನೆಗೆ, ಅರಗು ಎದ್ದುಹೋದ ಕಾಲಲ್ಲಿ, ಬಿಳಿ ಬೂಷ್ಟು. ಮಕ್ಕಳು ಬಾಯಿಗಿಡೋದು ಸರಿಯಾಗಿ ಆ ಕಾಲನ್ನೇ. ಒರೆಸಿ ಒಣಗಿಸಿದೆ.

ಹತ್ತೂವರೆಗೆ ತೀರ್ಥಹಳ್ಳಿ ಕಡೆಯ ಅಜ್ಜಿ, ಮೊಮ್ಮಗ. ಅವನಿಗೆ ನಾಲ್ಕೂವರೆ. ಮಾತು ಅರಳು ಹುರಿದ ಹಾಗೆ, ಆದರೆ ಕ ಎಲ್ಲ ತ, ಗ ಎಲ್ಲ ದ. ಕಾಗೆ 'ತಾದೆ', ಅಕ್ಕ 'ಅತ್ತ'. ನಾಲಿಗೆಯ ಹಿಂಭಾಗ ಏಳಬೇಕಾದಲ್ಲಿ ತುದಿ ಎದ್ದು ಹಲ್ಲಿಗೆ ತಾಗುತ್ತದೆ. ಮನೆಯವರಿಗೆ ಇಷ್ಟು ದಿನ ಅದು ಮುದ್ದಾಗಿತ್ತು. ಅಂಗನವಾಡಿಯಲ್ಲಿ ಉಳಿದ ಮಕ್ಕಳು ಅಣಕಿಸೋಕೆ ಶುರು ಮಾಡಿದ ಮೇಲೆ ಬಸ್ ಹತ್ತಿದ್ದಾರೆ.

ಮೂರು ವಾರ ಬರೀ 'ಕ' ಹೊರಡಿಸೋದರಲ್ಲೇ ಹೋಯ್ತು. ಚಾಪೆ ಮೇಲೆ ಅಂಗಾತ ಮಲಗಿಸಿದರೆ ನಾಲಿಗೆ ತಾನಾಗಿ ಸ್ವಲ್ಪ ಹಿಂದಕ್ಕೆ ಜಾರುತ್ತದೆ, ಆಗ 'ಕ' ಸುಲಭ. ಈಗ ಒಂಟಿ ಅಕ್ಷರ ಚೆನ್ನಾಗಿ ಬರುತ್ತೆ. ಪದದೊಳಗೆ ಹೋಯಿತೋ, ಮತ್ತೆ ತ. ಹಾಗಾಗಿ ಇವತ್ತು ಜೋಡಿಪದ ಹಿಡಿದೆ, ಒಂದೇ ಒಂದು ದನಿಯಲ್ಲಿ ಬೇರೆಯಾಗುವ ಎರಡು ಪದ: ಕಟ್ಟೆ, ತಟ್ಟೆ.

ಬ್ಲಾಕ್ಸ್ ಜೋಡಿಸಿ ನಡುವೆ ಒಂದು ತುಳಸಿ ಕಡ್ಡಿ ಸಿಕ್ಕಿಸಿದೆ. ಪಕ್ಕದಲ್ಲಿ ಸ್ಟೀಲ್ ತಟ್ಟೆ. ಅಜ್ಜಿ ತಕ್ಷಣ, "ತುಳಸಿಕಟ್ಟೆ ಮೇಲೆ ಆನೆ ಹತ್ತಿಸ್ತೀರಾ ಮೇಡಂ?" ಎಂದರು. ಕಡ್ಡಿ ಕಿತ್ತು ಅರಳಿಕಟ್ಟೆ ಅಂತ ಹೆಸರು ಬದಲಾಯಿಸಿದೆ. ಹುಡುಗನಿಗೆ ಯಾವ ಕಟ್ಟೆಯಾದರೂ ಒಂದೇ. ಬರುವಾಗ ಬಸ್ಸಿನಿಂದ ಸಕ್ರೆಬೈಲು ಆನೆ ಬಿಡಾರದ ಕಡೆ ಕತ್ತು ಚಾಚಿಕೊಂಡೇ ಬಂದವನು, ಆನೆ ಕೈಗೆ ಸಿಕ್ಕರೆ ಸಾಕು.

"ಆನೆ ಎಲ್ಲಿ ಕೂರ್ಬೇಕು? ನೀನೇ ಹೇಳು."

"ತಟ್ಟೆ ಮೇಲೆ ತೂರ್ಸು."

ತಟ್ಟೆ ಮೇಲೆ ಕೂರಿಸಿದೆ.

"ಅಲ್ಲ! ತಟ್ಟೆ!"

"ಹೌದಲ್ಲ ಪುಟ್ಟ, ತಟ್ಟೆ ಮೇಲೇ ಕೂತಿದೆ."

ಅಜ್ಜಿಗೆ ತಡೆಯಲಾಗಲಿಲ್ಲ. "ಅವ್ನು ಕಟ್ಟೆ ಅಂತಲೇ ಹೇಳ್ತಿರೋದು ಮೇಡಂ, ಎಂತ ತಿಳೀಲಿಲ್ವಾ ನಿಮಗೆ?" ತಿಳಿಯಿತು ಅಜ್ಜಿ. ತಿಳಿಯದ ಹಾಗೆ ಕೂರೋದಕ್ಕೇ ನನಗೆ ಫೀಸು.

ಮೂರನೇ ಸಲಕ್ಕೆ ತಟ್ಟೆಯನ್ನು ಕಾಲಲ್ಲಿ ಒದ್ದ. ಅದು ಠಣಾರನೆ ಗೋಡೆಗೆ ಹೋಯಿತು. ನಾಲ್ಕನೇ ಸಲ ಆನೆಯನ್ನು ಬಿಟ್ಟು ನನ್ನ ಬಾಯಿ ನೋಡಿದ. ನಾನು ಕಾಯುತ್ತಿದ್ದದ್ದು ಆ ನೋಟಕ್ಕೆ. ಆಮೇಲೆ ಗಂಟಲು ಬಿಗಿಹಿಡಿದು, "ಕ್... ಅಟ್ಟೆ." ಆನೆ ಆ ಕ್ಷಣವೇ ಕಟ್ಟೆ ಹತ್ತಿತು. ಶಭಾಷ್ ಎನ್ನಲಿಲ್ಲ, ಚಪ್ಪಾಳೆಯೂ ಇಲ್ಲ. ಹೇಳಿದ ಕಡೆ ಆನೆ ಕೂತಿತಲ್ಲ, ಇನ್ನೇನು ಬೇಕು. ಇಪ್ಪತ್ತು ಸಲ ಕೂರಿಸಿದೆವು. ಕಟ್ಟೆ ಆದದ್ದು ಏಳು. 'ಕೂರ್ಸು' ಒಂದೂ ಇಲ್ಲ. ಇರಲಿ, ಇವತ್ತು ಅದನ್ನು ಕೇಳಲೂ ಇಲ್ಲ.

ಹೊರಡುವಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಗುಲಗಂಜಿ! "ಚೆನ್ನೆಮಣೆ ಆಡ್ಸಿ, ಎಣಿಸ್ತಾ ಮಾತು ಬರ್ತದೆ." ಯೋಚನೆ ಚೆನ್ನಾಗಿದೆ, ಕಾಳು ಮಾತ್ರ ಬೇಡ. ಗುಲಗಂಜಿ ಅಗಿದು ನುಂಗಿದರೆ ವಿಷ, ಜೀವಕ್ಕೇ ಅಪಾಯ. ಹುಣಸೆಬೀಜ ಆಗಬಹುದು, ಅದೂ ಇವನ ವಯಸ್ಸಿನವರಿಗೆ, ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಂಡು. ಮೂರು ತುಂಬದ ಮಕ್ಕಳಿಗೆ ನನ್ನ ಹತ್ತಿರ ಒಂದು ಕೊಳವೆ ಇದೆ, ಬಾಯಿ 3.2 ಸೆಂಟಿಮೀಟರ್ ಅಗಲ. ಅದರೊಳಗೆ ಇಳಿಯುವ ಯಾವ ಸಾಮಾನೂ ಅವರ ಕೈಗೆ ಹೋಗಲ್ಲ.

ಮಧ್ಯಾಹ್ನ ಎರಡೂವರೆ ವರ್ಷದ ಹುಡುಗಿ. ಮಾತೇ ಇಲ್ಲ, ಕಿವಿ ಪರೀಕ್ಷೆ ಸರಿ ಇದೆ. ಅಪ್ಪ ಹೊಸ ಆಟಿಕೆ ತಂದಿದ್ದರು. ಗುಂಡಿ ಒತ್ತಿದರೆ ಹಸು ಅಂಬಾ ಎನ್ನುತ್ತೆ, ಹಾಡುತ್ತೆ, ಎಣಿಸುತ್ತೆ. ಎಲ್ಲ ಅದೇ ಮಾತಾಡಿಬಿಟ್ಟರೆ ಮಗು ಏನು ಹೇಳಬೇಕು? ಅಮೆರಿಕದ ಸಂಶೋಧಕಿ ಅನ್ನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳ ಮನೆಗಳಲ್ಲಿ ರೆಕಾರ್ಡ್ ಮಾಡಿ ನೋಡಿದ್ದರು. ಇಂಥ ಆಟಿಕೆ ಇದ್ದಾಗ ದೊಡ್ಡವರ ಮಾತು ಕಡಿಮೆ, ಪುಸ್ತಕ ಹಿಡಿದಾಗಿನದಕ್ಕಿಂತ ಮಕ್ಕಳ ದನಿಯೂ ಕಡಿಮೆ. ಅಪ್ಪನಿಗೆ ಅದನ್ನೆಲ್ಲ ಹೇಳಿ ಬೇಜಾರು ಮಾಡಲಿಲ್ಲ, ಬ್ಯಾಟರಿ ತೆಗೆದಿಟ್ಟೆ.

ಆಮೇಲೆ ಹಾರ್ಲಿಕ್ಸ್ ಬಾಟಲಿ. ಒಳಗೆ ಕೆಂಪು ಕಾರು, ಮುಚ್ಚಳ ಬಿಗಿ. ಅವಳ ಮುಂದಿಟ್ಟು ಸುಮ್ಮನೆ ಕೂತೆ. ಅಲ್ಲಾಡಿಸಿದಳು, ಕಚ್ಚಿದಳು. ಅಮ್ಮ ಕೈ ಚಾಚಿದರು, ಕಣ್ಣಲ್ಲೇ ಬೇಡ ಎಂದೆ. ಹತ್ತು ಎಣಿಸುವಷ್ಟು ಸುಮ್ಮನಿರೋದು ಇಷ್ಟು ಕಷ್ಟ ಅಂತ ಈ ಕೆಲಸಕ್ಕೆ ಬರೋವರೆಗೆ ನನಗೂ ಗೊತ್ತಿರಲಿಲ್ಲ. ಎಂಟಕ್ಕೋ ಒಂಬತ್ತಕ್ಕೋ ಬಾಟಲಿ ನನ್ನ ತೊಡೆ ಮೇಲಿಟ್ಟು, ಮುಖ ನೋಡಿ, "ತೆ" ಎಂದಳು. "ತೆಗೀಬೇಕಾ? ತೆಗೀತೀನಿ!" ತೆಗೆದೆ. ಕಾರು ಓಡಿತು. ಮತ್ತೆ ಬಾಟಲಿಗೆ ಹಾಕಿ ತಿರುಪಿದೆ. ಮತ್ತೆ "ತೆ".

ಸಂಜೆ ಬುಟ್ಟಿ ಎಣಿಸಿದರೆ ಆನೆ ಇಲ್ಲ. ಮೇಜಿನ ಕೆಳಗೆ, ಚಾಪೆ ಅಡಿ, ಎಲ್ಲ ಹುಡುಕಿದೆ. ಏಳು ಗಂಟೆಗೆ ಅಜ್ಜಿ ಫೋನು: "ಮೇಡಂ, ನಿಮ್ಮ ಆನೆ ನನ್ನ ಕೈಚೀಲದಲ್ಲಿ ಬಂದುಬಿಟ್ಟಿದೆ. ಬರೋ ವಾರ ತರ್ತೀನಿ." ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಅದರ ಹಿಂದೆ ಹುಡುಗನ ಕೂಗು, ಆನೆ ಎಲ್ಲಿ ಕೂತಿದೆ ಅಂತ ನನಗೇ ಹೇಳುತ್ತಿದ್ದ. ಕಟ್ಟೆಯೋ ತಟ್ಟೆಯೋ, ಫೋನಲ್ಲಿ ಗೊತ್ತಾಗಲಿಲ್ಲ.