ಮಾತ್ರೆ ಬದಲಿಸುವ ಕಾಲ

11 ಜುಲೈ 2025, ಶುಕ್ರವಾರ
ಹಾಸನ, ರಾತ್ರಿ 9.40

ಆಷಾಢ ಶುಕ್ರವಾರದ ಮೈಸೂರು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬೆಟ್ಟಕ್ಕೆ ಹೊರಟವರ ನಡುವೆ ನುಸುಳಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಮ್ಮ ಟೋಕನ್ ದಾಟಿಹೋಗಿತ್ತು. ಮತ್ತೆ ಕೊನೆಗೆ ಸೇರಿಸಿದರು. ಹಾಗೆ ಕೊನೆಗೆ ಬಿದ್ದದ್ದರಿಂದಲೇ ಆ ತಾಯಿ ಮಗಳ ಪಕ್ಕ ಕೂರುವಂತಾಯಿತು. ಮನೆಗೆ ಬಂದು ಇಷ್ಟು ಹೊತ್ತಾದರೂ ಆ ಹುಡುಗಿ ಮನಸ್ಸಿನಿಂದ ಕದಲುತ್ತಿಲ್ಲ.

ಪಿರಿಯಾಪಟ್ಟಣದ ಕಡೆಯವರು. ತಾಯಿಗೆ ಐವತ್ತರ ಆಸುಪಾಸು, ಮಗಳಿಗೆ ಇಪ್ಪತ್ತಮೂರೋ ನಾಲ್ಕೋ. ಫೈಲನ್ನು ಜವಳಿ ಅಂಗಡಿಯ ಕವರಿನೊಳಗಿಟ್ಟು ಮೇಲೆ ಮಡಿಸಿದ ಟವೆಲ್ ಹಾಸಿದ್ದರು. ಮಿದುಳಿನ ಪರೀಕ್ಷೆಯಾದ ಇಇಜಿಯ ವರದಿ ಎಲ್ಲಿ ಎಂದು ನರ್ಸ್ ಕೇಳಿದಾಗ ಆ ತಾಯಿ ಮೊದಲು ಸುತ್ತಲೂ ಕಣ್ಣು ಹಾಯಿಸಿದರು, ಆಮೇಲೆ ಕವರಿಗೆ ಕೈ ಹಾಕಿದರು. ಶ್ರಾವಣದಲ್ಲಿ ಮದುವೆಯಂತೆ. ಗಂಡಿನ ಕಡೆಯವರಿಗೆ ಹೇಳಿಲ್ಲವಂತೆ.

ನನ್ನ ಕೈಯಲ್ಲಿದ್ದ ಮಾತ್ರೆಯ ಹಾಳೆ ಕಂಡು ಧೈರ್ಯ ಬಂದಿರಬೇಕು.

"ನಿಮಗೂ ಫಿಟ್ಸ್ ಇದೆಯೇ ಅಮ್ಮಾ?"

ಹೈಸ್ಕೂಲು ಮುಗಿಸಿದ ವರ್ಷದಿಂದ ಇದೆ ಎಂದೆ.

"ಮದುವೆಯಾದ ಮೇಲೆ ತಾನಾಗಿ ಹೋಗುತ್ತದೆ ಎನ್ನುತ್ತಾರಲ್ಲ?"

"ಹೋಗುವುದಿಲ್ಲ. ಮಾತ್ರೆಯಿಂದ ಹತೋಟಿಯಲ್ಲಿದೆ, ಅಷ್ಟೇ."

ಸ್ವಲ್ಪ ಹತ್ತಿರ ಸರಿದು ದನಿ ತಗ್ಗಿಸಿದರು. "ತಪ್ಪು ತಿಳಿಯಬೇಡಿ. ಮದುವೆಯ ದಿನದಿಂದ ಮಾತ್ರೆ ನಿಲ್ಲಿಸಿಬಿಟ್ಟರೆ ಏನಾಗುತ್ತದೆ? ಅತ್ತೆಯ ಕಣ್ಣಿಗೆ ಬಿದ್ದರೆ ಇವಳ ಬಾಳು ಮುಗಿಯಿತು. ಇಲ್ಲವಾದರೆ ಶಕ್ತಿ ಮಾತ್ರೆಯ ಡಬ್ಬಿಗೆ ತುಂಬಿ ಕಳಿಸೋಣವೆಂದುಕೊಂಡಿದ್ದೇನೆ."

ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಅಮ್ಮನೂ ಇದನ್ನೆಲ್ಲ ಯೋಚಿಸಿದವಳೇ. ಆದರೆ ಹೆದರಿಕೆಯಾಯಿತು. ಮದುವೆಮನೆಯೆಂದರೆ ನಾಲ್ಕು ದಿನ ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ. ಅದರ ಜೊತೆಗೆ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಎಚ್ಚರ ತಿರುಗದೆ ಪ್ರಾಣಕ್ಕೇ ಕುತ್ತಾಗಬಹುದು. ಅದನ್ನೇ ಹೇಳಿದೆ. ಕಾನೂನಿನ ವಿಷಯವನ್ನೂ ಹೇಳಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಪೈಕಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವೂ ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. ಮೂರ್ಛೆರೋಗವಿದೆ ಎಂಬುದೊಂದೇ ಕಾರಣಕ್ಕೆ ಈಗ ಯಾರೂ ಮದುವೆ ಮುರಿಯುವಂತಿಲ್ಲ. ಮುಚ್ಚಿಟ್ಟು ಮಾಡಿದರೆ ಮಾತ್ರ ನಾಳಿನ ಜಗಳಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಆ ತಾಯಿ "ಹೌದೇ?" ಎಂದರು. ನಂಬಿದಂತೆ ಕಾಣಲಿಲ್ಲ. ಕಾನೂನು ಪಿರಿಯಾಪಟ್ಟಣದವರೆಗೆ ಬಂದು ಅತ್ತೆಯ ಬಾಯಿ ಮುಚ್ಚಿಸುತ್ತದೆಯೇ ಎಂದು ಅವರು ಕೇಳಿದ್ದರೆ ನನ್ನ ಬಳಿಯೂ ಉತ್ತರವಿರಲಿಲ್ಲ.

ಅಷ್ಟರವರೆಗೆ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ತಾಯಿ ಬಿಲ್ ಕೌಂಟರಿಗೆ ಎದ್ದುಹೋದರು. ಅವಳು ಕವರಿನಿಂದ ಮಾತ್ರೆಯ ಹಾಳೆ ತೆಗೆದು, ಹೆಸರು ಕಾಣುವಂತೆ ತಿರುಗಿಸಿ ನನ್ನ ಮುಂದೆ ಹಿಡಿದಳು. ಬೆರಳು ನಡುಗುತ್ತಿತ್ತು.

"ಅಕ್ಕಾ, ಇದನ್ನು ತಿನ್ನುತ್ತಿದ್ದರೆ ಮಗು ಸರಿಯಾಗಿ ಹುಟ್ಟುತ್ತದೆಯೇ?"

ಸೋಡಿಯಂ ವಾಲ್‌ಪ್ರೋಯೇಟ್. ನಾನು ಇಷ್ಟು ವರ್ಷ ನುಂಗಿದ್ದೂ ಅದನ್ನೇ.

ಈ ಮಾತ್ರೆಯನ್ನು ದೂರಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ಎದ್ದೊಡನೆ ಕೈ ಜಗ್ಗಿ ಕಾಫಿ ಲೋಟ ಗೋಡೆಗೆ ಹಾರುತ್ತಿದ್ದ ಕಾಲದಿಂದ, ಬಿದ್ದಾಗ ನೆರೆಯವರು ಅಂಗೈಗೆ ಬೀಗದ ಕೈ ತುರುಕುತ್ತಿದ್ದ ಕಾಲದಿಂದ ನನ್ನನ್ನು ಪಾರುಮಾಡಿದ್ದು ಅದು. ಆದರೆ ಬಸುರಿನಲ್ಲಿ ಅದರಷ್ಟು ಕೆಡುಕು ಮಾಡುವ ಫಿಟ್ಸ್ ಮಾತ್ರೆ ಇನ್ನೊಂದಿಲ್ಲ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಲ್ಲೇ ದೊಡ್ಡ ದೋಷವಿದ್ದರೆ, ತಾಯಿ ವಾಲ್‌ಪ್ರೋಯೇಟ್ ತೆಗೆದುಕೊಳ್ಳುತ್ತಿದ್ದಾಗ ಅದು ಸುಮಾರು ಹತ್ತು. ಬೆನ್ನುಹುರಿ ಮುಚ್ಚಿಕೊಳ್ಳದೆ ಇರುವುದು, ಹೃದಯದ ದೋಷ, ಸೀಳುತುಟಿ. ಇದಲ್ಲದೆ ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳಿಗೆ ಮಾತು, ಕಲಿಕೆ, ನಡವಳಿಕೆಯಲ್ಲಿ ತೊಂದರೆ. ಇಷ್ಟನ್ನೂ ಅವಳ ಮುಂದೆ ಸುರಿಯಲಿಲ್ಲ. "ಆಗುತ್ತದೆ. ನಮ್ಮಂಥವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಚೆನ್ನಾಗಿರುವ ಮಗುವನ್ನೇ ಹೆರುತ್ತಾರೆ. ಆದರೆ ಈ ಮಾತ್ರೆಯಲ್ಲಿ ಬಸುರಾಗುವುದು ಬೇಡ. ನೀನಾಗಿ ನಿಲ್ಲಿಸುವುದಂತೂ ಬೇಡವೇ ಬೇಡ. ಒಳಗೆ ಹೋದಾಗ ಅಮ್ಮ ಕೇಳಲಿ ಎಂದು ಕಾಯಬೇಡ. ನನಗೆ ಮುಂದೆ ಮಗು ಬೇಕು, ಮಾತ್ರೆ ಬದಲಿಸಬಹುದೇ ಎಂದು ನೀನೇ ಕೇಳು" ಎಂದೆ.

"ಅಮ್ಮನ ಎದುರಿಗೇ?"

"ಅಮ್ಮನ ಎದುರಿಗೇ."

ಅವರ ಸರದಿ ಬಂತು. ಹೊರಗೆ ಬರುವಾಗ ನಮ್ಮನ್ನು ಕರೆದರು. ಬಾಗಿಲಲ್ಲಿ ಎದುರಾದಾಗ ಅವಳು ತಲೆಯೆತ್ತಲಿಲ್ಲ. ಕೇಳಿದಳೋ ಇಲ್ಲವೋ.

ಮೊದಲ ಸಲ ನನಗೆ ಈ ಮಾತ್ರೆ ಬರೆದುಕೊಟ್ಟವರು ಈಜಬೇಡ, ರಾತ್ರಿ ಕುಳಿತು ಓದಬೇಡ ಎಂದೆಲ್ಲ ಹೇಳಿದ್ದರು. ಗರ್ಭದ ವಿಷಯ ಎತ್ತಲಿಲ್ಲ. ಇನ್ನೂ ಚಿಕ್ಕ ಹುಡುಗಿ, ಈಗೇಕೆ ಎಂದುಕೊಂಡಿರಬೇಕು. ಆಮೇಲಿನವರೂ ಹಳೆಯ ಚೀಟಿ ನೋಡಿ ಅದನ್ನೇ ಮುಂದುವರಿಸಿದರು. ಬ್ರಿಟನ್ನಿನಲ್ಲಿ 2018ರಿಂದ, ಹೆರುವ ವಯಸ್ಸಿನವರು ಗರ್ಭ ನಿಲ್ಲದಂತೆ ಭದ್ರ ಕ್ರಮ ಅನುಸರಿಸುತ್ತಿದ್ದರೆ ಮಾತ್ರ ಇದನ್ನು ಕೊಡಬೇಕೆಂಬ ನಿಯಮವಿದೆ. ಇಲ್ಲಿ ಅಂಥ ನಿಯಮ ಬರುವವರೆಗೆ ಕಾಯುವುದೂ ಬೇಡ, ಚೀಟಿ ಬರೆಯುವ ಕೈ ಎರಡು ನಿಮಿಷ ನಿಂತು ಹುಡುಗಿಯ ಮುಖ ನೋಡಿ ಹೇಳಿದರೆ ಸಾಕು. ಎರಡೇ ನಿಮಿಷ!

ಈಗಿನ ನಮ್ಮ ಡಾಕ್ಟರಮ್ಮ ಹೇಳುತ್ತಾರೆ. ಹೋದ ಸಲವೇ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು. ಗರ್ಭ ಕಟ್ಟಿದ ಇಪ್ಪತ್ತೆಂಟನೆಯ ದಿನದೊಳಗೆ ಮಗುವಿನ ಮಿದುಳು, ಬೆನ್ನುಹುರಿಯ ಕೊಳವೆ ಮುಚ್ಚಿ ಮುಗಿದಿರುತ್ತದೆ. ಆ ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ ಅಷ್ಟೆ. ಎಷ್ಟೋ ಜನರಿಗೆ ಗೊತ್ತೇ ಆಗಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸಿದ ಮೇಲೆ ಮಾತ್ರೆ ಬದಲಿಸಿ ಏನು ಪ್ರಯೋಜನ? ಫೋಲಿಕ್ ಆ್ಯಸಿಡ್ ಕೂಡ ಹಾಗೆಯೇ, ಮೂರು ತಿಂಗಳು ಮೊದಲೇ ಶುರುವಾಗಬೇಕು. ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ನನಗೆ ಬರೆದಿರುವುದು 5 ಮಿಲಿಗ್ರಾಂ.

ಇವತ್ತು ಮೊನ್ನೆಯ ಸಂಗತಿ ಹೇಳಿದೆ. ಹಳೆಯ ಮಾತ್ರೆ ಈಗ ರಾತ್ರಿಯ ಒಂದಕ್ಕೆ ಇಳಿದಿದೆ, ಅದರ ಬದಲಿಗೆ ಶುರುಮಾಡಿದ ಹೊಸ ಮಾತ್ರೆ ಲೆವೆಟಿರಾಸೆಟಮ್ ಎರಡು ಹೊತ್ತು 500 ಮಿಲಿಗ್ರಾಂ. ಮೊನ್ನೆ ಬೆಳಿಗ್ಗೆ ಬಲಗೈ ಒಮ್ಮೆ ಜಗ್ಗಿ ಹಲ್ಲುಜ್ಜುವ ಬ್ರಷ್ ಬಚ್ಚಲ ಮೂಲೆಗೆ ಹಾರಿತು. ಅಷ್ಟೇ, ಬೀಳಲಿಲ್ಲ. ಆದರೆ ಆ ಜಗ್ಗು ನನಗೆ ಚಿರಪರಿಚಿತ. ಡಾಕ್ಟರಮ್ಮ ಹೊಸದನ್ನು 750ಕ್ಕೆ ಏರಿಸಿದರು, ಹಳೆಯದನ್ನು ಇಳಿಸುವುದನ್ನು ಸದ್ಯಕ್ಕೆ ತಡೆದರು. ಗರ್ಭಕ್ಕೆ ಮೊದಲಿನ ಒಂಬತ್ತು ತಿಂಗಳು ಫಿಟ್ಸ್ ಬಾರದೆ ಇದ್ದವರಲ್ಲಿ ನೂರಕ್ಕೆ 84ರಿಂದ 92 ಮಂದಿಗೆ ಬಸುರಿನಲ್ಲೂ ಬರುವುದಿಲ್ಲವಂತೆ. ಆದ್ದರಿಂದ ಹಳೆಯ ಮಾತ್ರೆ ಪೂರ್ತಿ ಬಿಟ್ಟ ದಿನದಿಂದ ಲೆಕ್ಕ ಹಿಡಿಯೋಣ ಎಂದರು. ಹೊರುವ ಒಂಬತ್ತು ತಿಂಗಳಿಗೆ ಮುಂಚೆ ಕಾಯುವ ಇನ್ನೊಂದು ಒಂಬತ್ತು ತಿಂಗಳು. ಅಲ್ಲಿಯವರೆಗೆ ಕಾಂಡೋಮ್. ಕಾರ್ಬಮಜೆಪಿನ್, ಫೆನಿಟಾಯಿನ್ ಎಂಬ ಬೇರೆ ಫಿಟ್ಸ್ ಮಾತ್ರೆ ತಿನ್ನುವವರಿಗೆ ಗರ್ಭನಿರೋಧಕ ಮಾತ್ರೆಯ ಬಲ ಕುಂದುತ್ತದೆ ಎಂಬುದೂ ಇವತ್ತೇ ಗೊತ್ತಾದದ್ದು. ಓದುವವರಲ್ಲಿ ಯಾರಿಗಾದರೂ ಬೇಕಾದೀತು, ಬರೆದಿದ್ದೇನೆ.

ರಕ್ತ ಕೊಟ್ಟು ಬಂದೆವು. ನನ್ನದು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ರುಬೆಲ್ಲಾ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಹದಿನೈದು ವರ್ಷದೊಳಗಿನವರಿಗೆ ಮಾತ್ರ ಹಾಕಿದರು, ಆಗ ನನ್ನ ವಯಸ್ಸು ದಾಟಿತ್ತು. ರಕ್ಷಣೆ ಇಲ್ಲವೆಂದು ಬಂದರೆ ಲಸಿಕೆ ಹಾಕಿಸಿ ಒಂದು ತಿಂಗಳು ಬಸುರಾಗದೆ ಇರಬೇಕು. ಹೇಗೂ ಕಾಯುತ್ತಿದ್ದೇವೆ.

ಇವರಿಗೂ ಪರೀಕ್ಷೆ ಬರೆದರು, ಮಕ್ಕಳಿಗೆ ದಾಟುವ ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದ ವಾಹಕರೇ ಎಂದು ನೋಡುವುದಕ್ಕೆ. ಗಂಡನಿಗೂ ಸೂಜಿ ಚುಚ್ಚುತ್ತಾರೆಂದು ಇವರು ಎಣಿಸಿರಲಿಲ್ಲ. "ಸಿಗರೇಟು ಇದೆಯೇ?" ಎಂದು ಡಾಕ್ಟರಮ್ಮ ಕೇಳಿದರು. ದಿನಕ್ಕೆ ಎರಡು ಎಂದರು ಇವರು. "ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಬಿಡುವುದಾದರೆ ಈಗಲೇ ಬಿಡಬೇಕು." ಇವರು ತಲೆಯಾಡಿಸಿದರು. ಆಮೇಲೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಇವರನ್ನೇ ನೋಡುತ್ತ ಕೇಳಿದರು: "ಮಗು ಬಂದ ಮೇಲೆ ರಾತ್ರಿ ಏಳುವವರು ಯಾರು?"

ಇನ್ನೂ ಗರ್ಭವೇ ಇಲ್ಲ! ಆದರೂ ಕೇಳಿದರು. ನನಗೆ ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆ, ಬಾಣಂತಿಗೆ ಕೆಡುವುದೇ ನಿದ್ದೆ. ಹಾಲು ಕುಡಿಸಲು ಅಡ್ಡಿಯಿಲ್ಲ, ಆದರೆ ರಾತ್ರಿಯ ಒಂದು ಸರದಿಗೆ ಹಾಲು ಹಿಂಡಿಟ್ಟು ಬೇರೆಯವರು ಕುಡಿಸಬೇಕು. "ನಾನೇ ಏಳುತ್ತೇನೆ" ಎಂದರು ಇವರು, ನಾಳೆಯಿಂದಲೇ ಶುರು ಎನ್ನುವ ದನಿಯಲ್ಲಿ. ನನಗೆ ಅಳು ಬಂತು. ಹೊಸ ಮಾತ್ರೆಗೆ ಸಿಡುಕು ಜಾಸ್ತಿಯಾಗುತ್ತದೆ ಎಂದಿದ್ದರು, ಅಳುವಿನ ಬಗ್ಗೆ ಏನೂ ಹೇಳಿರಲಿಲ್ಲ.

ಬಚ್ಚಲಮನೆಯ ಚಿಲಕ ತೆಗೆಸಿ ತಿಂಗಳಾಯಿತು. ಒಳಗೆ ಬಿದ್ದರೆ ಬಾಗಿಲು ಒಡೆಯುವ ಹೊತ್ತಿರುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ ಸಂಜೆಯೇ ಇವರು ಸ್ಕ್ರೂ ಬಿಚ್ಚಿದರು. ನೆಂಟರು ಬಂದರೆ ಮರ್ಯಾದೆ ಏನಾಗಬೇಕು ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಬಾಗಿಲ ಹೊರಗೆ ಮೊಳೆ ಹೊಡೆಸಿ, ಒಳಗಿದ್ದವರು ಅದಕ್ಕೆ ಟವೆಲ್ ನೇತುಹಾಕಬೇಕೆಂದು ಅವರೇ ಕಟ್ಟಳೆ ಮಾಡಿದರು. ಮಾವನವರೂ ತಪ್ಪದೆ ಪಾಲಿಸುತ್ತಾರೆ. ನನ್ನ ಅತ್ತೆಯಂಥವರು ಅವಳಿಗೂ ಸಿಗಲಿ ಎಂದುಕೊಳ್ಳುತ್ತಿದ್ದೇನೆ. ಆದರೆ ಹೇಳದೆ ಮದುವೆಯಾದರೆ ಅತ್ತೆಗೆ ಒಳ್ಳೆಯವರಾಗಲು ಅವಕಾಶವಾದರೂ ಎಲ್ಲಿ? ಆ ತಾಯಿಗೆ ಇದನ್ನು ಹೇಳಬೇಕಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವಿರುವ ತಾಯಂದಿರ ನೋಂದಣಿಯೊಂದು ನಡೆದುಬಂದಿದೆ. ಯಾವ ಮಾತ್ರೆಯಲ್ಲಿದ್ದವರ ಮಗು ಹೇಗಿದೆ ಎಂದು ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ಗರ್ಭಕ್ಕೆ ಮುಂಚೆಯೇ ಹೆಸರು ಬರೆಸಿಕೊಳ್ಳುವವರೂ ಇದ್ದಾರಂತೆ. ಅಲ್ಲಿನ ಹೆಂಗಸರಿಗೆ ಯಾರೋ ಹೇಳಿರುತ್ತಾರೆ, ಮನೆಯವರು ಕರೆದುಕೊಂಡು ಹೋಗಿರುತ್ತಾರೆ.

ಹತ್ತು ಗಂಟೆಗೆ ಮಲಗಲೇಬೇಕು. ಅತ್ತಿಗೆಯ ಮಗುವಿನ ತೊಟ್ಟಿಲ ಶಾಸ್ತ್ರ ಮುಂದಿನ ವಾರ ಅರಕಲಗೂಡಿನಲ್ಲಿ. ಹೋಗದೆ ಇರಲಾಗದು. ರಾತ್ರಿ ಉಳಿಯಿರಿ ಎನ್ನುತ್ತಾರೆ, ಮಾತು ಎರಡು ಗಂಟೆಯವರೆಗೆ ನಡೆಯುತ್ತದೆ. ಸಂಜೆಯೇ ಹೊರಟುಬಿಡೋಣ ಎಂದು ಇವರಿಗೆ ಹೇಳಿದ್ದೇನೆ. ಚಿಕ್ಕಮ್ಮ ಅಂತೂ ಎಲ್ಲರ ಮುಂದೆ ಕೇಳೇ ಕೇಳುತ್ತಾರೆ, "ಏನಮ್ಮಾ, ಇನ್ನೂ ವಿಶೇಷ ಇಲ್ಲವೇ?" ಪ್ರತಿ ಸಲ ನಕ್ಕು ಅಡುಗೆಮನೆಗೆ ಹೋಗುತ್ತೇನೆ. ಈ ಸಲ, ಮಾತ್ರೆ ಬದಲಿಸುತ್ತಿದ್ದೇವೆ ಚಿಕ್ಕಮ್ಮಾ, ಅದಾದ ಮೇಲೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ, ಅಲ್ಲಿ ಕೂತಿರುವ ಹುಡುಗಿಯರಲ್ಲಿ ಯಾರಾದರೂ ಒಬ್ಬಳು