ನದಿದಡದ ಮನೆಗಳ ಟಿ.ವಿ.ಗೆ ಬರಬೇಕಾದ ಎಚ್ಚರಿಕೆ

ಕೃಷ್ಣರಾಜಸಾಗರದ ನೀರಿನ ಮಟ್ಟ ಜಲಾಶಯ ಪೂರ್ತಿ ತುಂಬುವ 124.80 ಅಡಿಯ ಹತ್ತಿರಕ್ಕೆ ಬಂದಿತೆಂದರೆ ಶ್ರೀರಂಗಪಟ್ಟಣದ ಆಸುಪಾಸಿನ ನದಿದಡದ ಊರುಗಳಲ್ಲಿ ಹೊರಹರಿವಿನದೇ ವಿಚಾರಣೆ. ಆ ಅಂಕಿ ಟಿ.ವಿ.ಯಲ್ಲಿ ಬರುತ್ತದೆ, ನಿಜ. ಆದರೆ ಸುದ್ದಿವಾಹಿನಿ ಹಾಕಿಕೊಂಡವರಿಗೆ ಮಾತ್ರ, ಅದೂ ರಾಜಕೀಯದ ಸುದ್ದಿ ಓಡುವ ಅದೇ ಕೆಂಪು ಪಟ್ಟಿಯಲ್ಲಿ. ಅದೇ ಹೊತ್ತಿಗೆ ಧಾರಾವಾಹಿ ನೋಡುತ್ತಿರುವ ಮನೆಗೆ ಅದು ತಲುಪುವುದೇ ಇಲ್ಲ.

ಅಮೆರಿಕದಲ್ಲಿ 1997ರಿಂದ ಜಾರಿಯಲ್ಲಿರುವ ತುರ್ತು ಎಚ್ಚರಿಕೆ ವ್ಯವಸ್ಥೆ ಈ ತೊಡಕನ್ನು ಬಿಡಿಸಿಕೊಂಡಿರುವ ರೀತಿ ಗಮನಾರ್ಹ. ಅಪಾಯ ಯಾವುದು, ಯಾವ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶಕ್ಕೆ), ಎಷ್ಟು ಹೊತ್ತಿನವರೆಗೆ ಎಂಬುದೆಲ್ಲ ಸಂದೇಶದ ಆರಂಭದಲ್ಲೇ ಸಂಕೇತಗಳಾಗಿ ಅಡಕವಾಗಿದ್ದು, ತಪ್ಪಿಹೋಗದಿರಲೆಂದು ಅವು ಮೂರು ಬಾರಿ ಪ್ರಸಾರವಾಗುತ್ತವೆ. ಪ್ರಸಾರ ಕೇಂದ್ರದ ಯಂತ್ರವು ತನ್ನ ಪ್ರದೇಶದ ಸಂಕೇತವನ್ನು ಗುರುತಿಸಿ ಎಚ್ಚರಿಕೆಯನ್ನು ಪರದೆಗೆ ತರುತ್ತದೆ. ಕೇಬಲ್‌ನಲ್ಲಾದರೆ ಯಾವ ವಾಹಿನಿ ನೋಡುತ್ತಿದ್ದರೂ ಅದರ ಮೇಲೆ ಅಕ್ಷರಗಳು ಹರಿಯುತ್ತವೆ, ಇಲ್ಲವೇ ಟಿ.ವಿ. ತಾನಾಗಿಯೇ ಎಚ್ಚರಿಕೆಯ ವಾಹಿನಿಗೆ ಬದಲಾಗುತ್ತದೆ. ಜೊತೆಗೆ ಕೇಳಿಬರುವ ಆ ವಿಶಿಷ್ಟ ಸದ್ದನ್ನು ಜಾಹೀರಾತಿನಲ್ಲಿ ಬಳಸಿದವರಿಗೆ ದಂಡ ವಿಧಿಸುತ್ತಾರೆ. ಜನರ ಕಿವಿ ಅದಕ್ಕೆ ಒಗ್ಗಿ ಜಡವಾಗಬಾರದೆಂಬ ಈ ಕಾಳಜಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ನಮ್ಮಲ್ಲಿಯೂ 2023ರ ಅಕ್ಟೋಬರ್‌ನಲ್ಲಿ ಪರೀಕ್ಷಾರ್ಥವಾಗಿ ಕಳುಹಿಸಿದ ಎಚ್ಚರಿಕೆಗೆ ಮೊಬೈಲ್‌ಗಳು ಒಮ್ಮೆಲೇ ಮೊಳಗಿದ್ದುಂಟು. ಆದರೆ ಮನೆಯಲ್ಲಿರುವ ವೃದ್ಧರ ಕಣ್ಣು ಸಂಜೆಯ ಹೊತ್ತು ಇರುವುದು ಟಿ.ವಿ.ಯ ಮೇಲೆ. ಎಚ್ಚರಿಕೆಯನ್ನು ಟಿ.ವಿ.ಗೆ ತರಲು ಬೇಕಾದ ಸಾಧನವೂ ಮನೆಯಲ್ಲೇ ಇದೆ. ಮೈಸೂರು ನಗರದ ಕೇಬಲ್ 2013ರಲ್ಲಿ, ದೇಶದ ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿಯೇ, ಡಿಜಿಟಲ್ ಆಗಬೇಕಾಯಿತು. ಆ ವ್ಯವಸ್ಥೆಯ ನಿಯಮಗಳ ಪ್ರಕಾರ ಎಲ್ಲ ಸೆಟ್‌ಟಾಪ್ ಬಾಕ್ಸ್‌ಗಳಿಗೆ, ಒಂದು ಗುಂಪಿಗೆ, ಅಥವಾ ಒಂದೇ ಒಂದು ಬಾಕ್ಸ್‌ಗೆ ಕನಿಷ್ಠ 120 ಅಕ್ಷರಗಳ ಸಂದೇಶ ಕಳುಹಿಸುವ ಸೌಲಭ್ಯ ಇರಲೇಬೇಕು. ‘ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಡಲಾಗುತ್ತಿದೆ, ನದಿಗೆ ಇಳಿಯಬೇಡಿ, ದನಕರುಗಳನ್ನು ದಡದಿಂದ ದೂರ ಕಟ್ಟಿ’ ಎಂಬ ಮಾತಿಗೆ ಅಷ್ಟು ಜಾಗ ಸಾಕು.

ಕಳುಹಿಸುವ ಅಧಿಕಾರ ಮಾತ್ರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಳಿಯೇ ಇರಬೇಕು, ಕಳುಹಿಸುವ ಮುನ್ನ ಇಬ್ಬರಾದರೂ ಪರಿಶೀಲಿಸಬೇಕು. 2018ರ ಜನವರಿಯಲ್ಲಿ ಹವಾಯಿಯಲ್ಲಿ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಹೊರಬಿದ್ದಾಗ, ಅದು ತಪ್ಪೆಂದು ತಿಳಿಸುವ ಸಂದೇಶ ಹೊರಡಲು 38 ನಿಮಿಷ ಹಿಡಿಯಿತು. ಪ್ರವಾಹದಲ್ಲಿ ಕರೆಂಟ್ ಹೋದರೆ ಟಿ.ವಿ. ನಿರುಪಯೋಗಿ, ಆದ್ದರಿಂದ ಡಂಗುರ, ಧ್ವನಿವರ್ಧಕಗಳನ್ನು ಬಿಡಲಾಗದು. ಆದರೆ ಗೇಟ್ ತೆರೆಯುವ ಮುಂಚಿನ ಗಂಟೆಗಳಲ್ಲಿ ಕರೆಂಟ್ ಇರುತ್ತದೆ. ಯಾವ ಬಾಕ್ಸ್ ಯಾವ ಬೀದಿಯಲ್ಲಿದೆಯೆಂಬುದು ತಿಂಗಳು ತಿಂಗಳು ಹಣ ವಸೂಲಿಗೆ ಬರುವ ಕೇಬಲ್‌ನವರಿಗೆ ಗೊತ್ತು. ನದಿದಡದ ಬೀದಿಗಳ ಆ ಪಟ್ಟಿಯನ್ನು ಮುಂಗಾರಿಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.