ಹಂಡೆ ತಳದ ಹಾಗಿದ್ದ ಪ್ಲಗ್

ಇವತ್ತು ಬೆಳಿಗ್ಗೆ ಮೂರನೇ ಸಲ ಗಾಡಿಯ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಮತ್ತೆ ಅದೇ. ಬಚ್ಚಲ ಹಂಡೆ ತಳದ ಹಾಗೆ ಮಸಿ ಮಸಿ, ಮುಟ್ಟಿದರೆ ಬೆರಳೆಲ್ಲ ಕಪ್ಪು. ಟೂ-ಸ್ಟ್ರೋಕ್ ಗಾಡಿಯ ಪ್ಲಗ್ ಫಿಲ್ಟರ್ ಕಾಫಿ ಬಣ್ಣಕ್ಕೆ ಬಂದರೆ ಸರಿ ಅಂತಾರೆ, ನನ್ನದು ಡಿಕಾಕ್ಷನ್‌ಗಿಂತ ಕಪ್ಪು! ಅಂದರೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ.

ಒಂದು ವಾರದಿಂದ ಮೇನ್ ಜೆಟ್, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತಿನ ಬಿಲ್ಲೆ, ಸಣ್ಣದು ಸಣ್ಣದು ಹಾಕಿ ಬದಲಾಯಿಸ್ತಾ ಕೂತಿದ್ದೆ. 120 ಹೋಗಿ 115, ಆಮೇಲೆ 110. ಅದು ಪೂರ್ತಿ ಕೆಲಸಕ್ಕೆ ಬರೋದು ಥ್ರಾಟಲ್ ಮುಕ್ಕಾಲು ದಾಟಿದ ಮೇಲೆ, ನಮ್ಮ ಟ್ರಾಫಿಕ್‌ನಲ್ಲಿ ಅಷ್ಟು ತಿರುಗಿಸೋಕೆ ಜಾಗ ಎಲ್ಲಿದೆ ಹೇಳಿ. ಪೆಟ್ರೋಲ್ ಕಮ್ಮಿ ಹೋಗಲಿ ಅಂತ ಕಾರ್ಬ್ಯುರೇಟರ್ ಒಳಗಿನ ಸೂಜಿಯ (ನೀಡಲ್) ಕ್ಲಿಪ್ ಒಂದು ಗೀರು ಮೇಲೆ ಹಾಕಿದೆ, ಏರ್ ಫಿಲ್ಟರ್ ತೊಳೆದೆ. ಊಹೂಂ. ಪೆಟ್ರೋಲ್ ವಾಸನೆ ಹಾಗೇ ಇತ್ತು.

ಸುಮ್ನೆ ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ ನೋಡಿ, ಐಡ್ಲಿಂಗ್ ಸದ್ದು ಬದಲಾಯಿತು. ಎಡಕ್ಕೆ ತಂದರೆ ಬೇರೆ ಸದ್ದು. ಸ್ಟೈಲ್‌ಗೆ ಅಂತ ಎತ್ತರದ ಹ್ಯಾಂಡಲ್ ಹಾಕಿಸಿದ್ದೆನಲ್ಲ, ಚೋಕ್ ಕೇಬಲ್ ಉದ್ದ ಸಾಲದೆ ಬಿಗಿದುಕೊಂಡಿತ್ತು. ಚೋಕ್ ಅಂದರೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡೋಕೆ ಹೆಚ್ಚಿಗೆ ಪೆಟ್ರೋಲ್ ಬಿಡೋದು. ಆ ದಾರಿ ಮುಚ್ಚೋ ಪ್ಲಂಜರ್ ಪೂರ್ತಿ ಕೆಳಗೆ ಕೂರ್ತಾನೇ ಇರಲಿಲ್ಲ. ಅಂದರೆ ಇಷ್ಟು ದಿನ ಚೋಕ್ ಎಳೆದುಕೊಂಡೇ ಓಡಾಡಿದ್ದೀನಿ. ಶೋಕಿ ನಂದು, ಬೈಗುಳ ಪಾಪ ಕಾರ್ಬ್ಯುರೇಟರ್‌ಗೆ.

"ಬೆಳಿಗ್ಗೆಯಿಂದ ಏನೋ ಮಾಡಿದ್ದು?" ಅಂತ ಅಮ್ಮ ಕೇಳಿದರು.

"ಒಂದು ಕೇಬಲ್ ಸಡಿಲ ಮಾಡಿದೆ ಅಮ್ಮಾ."